ಮೋಟರ್‌ಹೋಮ್ ಪ್ಲಾನ್ ಆರಿಸೋದು: ಮೊದ್ಲು ರಾತ್ರಿ ನೋಡಿ, ಆಮೇಲೆ ಮಳೆ

ಮೋಟರ್‌ಹೋಮ್, ಅಂದ್ರೆ ಒಳಗೇ ಪುಟ್ಟ ಮನೆ ಇರೋ ಗಾಡಿ, ತಗೋಬೇಕು ಅಂತ ಹೊರಟೋರ ಕೈಗೆ ಬ್ರೋಶರ್ ಸಿಕ್ಕಿದ್ರೆ ಮೊದ್ಲು ಮಾಡೋ ಕೆಲ್ಸ ಹಾಸಿಗೆ ಎಣಿಸೋದು. ನಾಲ್ಕು ಜನ ಮಲಗಬಹುದು, ಆರು ಜನ ಮಲಗಬಹುದು, ಪರ್ವಾಗಿಲ್ವೇ ಅಂತ ಖುಷಿ. ಮಲಗಬಹುದು ನಿಜ, ಆದ್ರೆ ಆ ಆರು ಜನ ಎದ್ದ ಮೇಲೆ ಎಲ್ಲಿ ಕೂತ್ಕೋತಾರೆ, ಒದ್ದೆ ಜಾಕೆಟ್ ಎಲ್ಲಿ ನೇತಾಕ್ತಾರೆ, ಒಬ್ರು ಬಾತ್‌ರೂಮಿಂದ ಬರೋವಾಗ ಇನ್ನೊಬ್ರು ಸ್ಟವ್ ಮುಂದೆ ನಿಂತಿದ್ರೆ ಯಾರು ಹಿಂದೆ ಸರೀಬೇಕು, ಇದ್ಯಾವ್ದೂ ಆ ಚಿತ್ರದಲ್ಲಿ ಬರಲ್ಲ. ಮೇಲಿಂದ ನೋಡಿದ ಹಾಗೆ ಬರೆದಿರ್ತಾರಲ್ಲ ಪ್ಲಾನ್, ಅದ್ರಲ್ಲಿ ಜನಾನೇ ಇರಲ್ಲ. ಇದ್ರೂ ಒಬ್ಬರೇ, ಅದೂ ಸೋಫಾ ಮೇಲೆ ಪುಸ್ತಕ ಹಿಡ್ಕೊಂಡು.

ನಾವು ಬಾಡಿಗೆ ಗಾಡಿಗಳಲ್ಲಿ ಓಡಾಡಿ, ಅವರಿವರ ಗಾಡಿಗಳಲ್ಲಿ ಮಲಗಿ ಎದ್ದು, ಕೊನೆಗೆ ನಮ್ದು ಅಂತ ಒಂದು ತಗೊಂಡ ಮೇಲೆ ನನಗೆ ಗಟ್ಟಿಯಾಗಿ ಅನ್ಸಿರೋದು ಇಷ್ಟು. ಪ್ಲಾನ್ ನೋಡೋವಾಗ "ಏನೇನಿದೆ" ಅಂತ ಕೇಳ್ಬೇಡಿ, "ಎಷ್ಟು ಗಂಟೆಗೆ ಯಾರು ಎಲ್ಲಿರ್ತಾರೆ" ಅಂತ ಕೇಳಿ. ಯಾಕಂದ್ರೆ ಹಾಸಿಗೆ, ಒಲೆ, ಟಾಯ್ಲೆಟ್, ಟೇಬಲ್ಲು ಎಲ್ಲಾ ಗಾಡೀಲೂ ಇರತ್ತೆ, ವ್ಯತ್ಯಾಸ ಇರೋದು ಯಾವ್ದು ಯಾವಾಗ್ಲೂ ರೆಡಿ ಇರತ್ತೆ, ಯಾವ್ದನ್ನ ದಿನಾ ಬಿಚ್ಚಿ ಜೋಡಿಸ್ಬೇಕು, ಯಾವ್ದನ್ನ ಬಳಸ್ಬೇಕು ಅಂದ್ರೆ ಇನ್ನೊಬ್ರನ್ನ ಎಬ್ಬಿಸ್ಬೇಕು ಅನ್ನೋದ್ರಲ್ಲಿ.

ಹಾಗಾಗಿ ನಾನು ರಾತ್ರಿಯಿಂದ ಶುರು ಮಾಡ್ತೀನಿ. ರಾತ್ರಿ ಮೂರು ಗಂಟೆ ಅನ್ಕೊಳ್ಳಿ, ಒಬ್ರಿಗೆ ಟಾಯ್ಲೆಟ್‌ಗೆ ಹೋಗ್ಬೇಕು.

ವ್ಯಾನ್ ಕನ್ವರ್ಷನ್‌ಗಳಲ್ಲಿ, ಅಂದ್ರೆ ಫಿಯಟ್ ಡುಕಾಟೋ ಥರದ ತಗಡಿನ ವ್ಯಾನನ್ನೇ ಒಳಗೆ ಮನೆ ಮಾಡಿರೋ ಗಾಡಿಗಳಲ್ಲಿ, 6 ಮೀಟರ್ ಆಸುಪಾಸಿನದ್ರಲ್ಲಿ ಹಾಸಿಗೆ ಸಾಮಾನ್ಯವಾಗಿ ಹಿಂದುಗಡೆ ಅಡ್ಡಡ್ಡ ಇರತ್ತೆ. ತಲೆ ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ. ಒಬ್ರು ಹಿಂಬಾಗಿಲ ಕಡೆ, ಒಬ್ರು ಈ ಕಡೆ. ಹಿಂಬಾಗಿಲ ಕಡೆ ಮಲಗಿರೋರು ಏಳ್ಬೇಕು ಅಂದ್ರೆ ಈ ಕಡೆಯವರನ್ನ ದಾಟ್ಲೇಬೇಕು, ಬೇರೆ ದಾರಿ ಇಲ್ಲ. ಮೇಲೆ ಕಪಾಟು ಇರೋದ್ರಿಂದ ಎದ್ದು ನಿಲ್ಲೋಕಾಗಲ್ಲ, ಮಂಡಿ ಊರ್ಕೊಂಡು ಒಂದು ಕೈ ಕಿಟಕಿ ಮೇಲೆ, ಇನ್ನೊಂದು ಕೈ ಎಲ್ಲಿಡೋದು ಅಂತ ಕತ್ತಲಲ್ಲಿ ತಡಕಾಡ್ತಾ, ಕೊನೆಗೆ ಆ ಕೈ ನಿದ್ದೇಲಿರೋರ ಹೊಟ್ಟೆ ಮೇಲೇ ಬೀಳತ್ತೆ. ಆಮೇಲೆ ಕಾಲು ಕೆಳಗೆ ಬಿಟ್ಟು ಮೆಟ್ಟಿಲು ಹುಡುಕ್ಬೇಕು, ಅದು ಹಗಲು ಯಾರೋ ಪಕ್ಕಕ್ಕೆ ತಳ್ಳಿರ್ತಾರೆ. ವಾಪಸ್ ಬರೋವಾಗ ಇದೇ ಕಥೆ ಉಲ್ಟಾ. ಇಪ್ಪತ್ತೈದು ವರ್ಷದವರಿಗೆ ಇದು ತಮಾಷೆ, ನಿದ್ದೆ ತೆಳು ಇರೋರಿಗೆ ಖಂಡಿತಾ ಅಲ್ಲ. ನನ್ನ ನಿದ್ದೆ ತೆಳು, ನಮ್ಮನೆಯವರು ರಾತ್ರಿ ಏಳೋ ಪೈಕಿ. ಹಾಗಾಗಿ ಅಡ್ಡ ಹಾಸಿಗೆ ನಮ್ಮ ಲಿಸ್ಟಿಂದ ಮೊದಲೇ ಹೊರಗೆ ಹೋಯ್ತು.

ಉದ್ದದ ವಿಷಯಾನೂ ಅದಕ್ಕೇ ಸೇರಿದ್ದು. ಡುಕಾಟೋ ಒಳಗಿನ ಅಗಲ ಬರೀ ತಗಡಿಂದ ತಗಡಿಗೆ ಅಳೆದ್ರೆ ಸುಮಾರು 1.87 ಮೀಟರ್. ಅದಕ್ಕೆ ಎರಡೂ ಕಡೆ ಇನ್ಸುಲೇಷನ್ನು ಪ್ಯಾನೆಲ್ಲು ಬಡಿದ ಮೇಲೆ ಉಳಿಯೋದೆಷ್ಟು ನೀವೇ ಲೆಕ್ಕ ಹಾಕಿ. ಆರಡಿ ಇರೋರು ಅದ್ರಲ್ಲಿ ಅಡ್ಡಡ್ಡ ಮಲಗಿದ್ರೆ ಮಂಡಿ ಮಡಿಸ್ಕೊಂಡೇ ಮಲಗ್ಬೇಕು. ಕೆಲವು ಕಂಪ್ನಿಗಳು ಪಕ್ಕದ ಗೋಡೆಗೆ ಉಬ್ಬು ಕೂರ್ಸಿ ಸ್ವಲ್ಪ ಜಾಗ ಗಿಟ್ಟಿಸ್ತಾರೆ. ಅಮೆರಿಕದ ಗಾಡಿಗಳಲ್ಲೂ "ಕ್ವೀನ್ ಬೆಡ್" ಅಂತ ಬರೆದಿರೋದನ್ನ ನಂಬೋ ಮುಂಚೆ ಟೇಪ್ ಹಿಡೀರಿ, ಮನೇಲಿರೋ ಕ್ವೀನ್ 60 ಇಂಚಿಗೆ 80 ಇಂಚು, ಆರ್‌ವಿ (ಇಂಥ ಗಾಡಿಗಳಿಗೆ ಅಲ್ಲಿ ಹೇಳೋ ಹೆಸರು) ಕ್ವೀನ್ ಅನ್ನೋದು ಎಷ್ಟೋ ಸಲ 60ಕ್ಕೆ 75. ಆ ಐದಿಂಚು ಹೋಗಿರೋದು ಓಡಾಡೋ ಜಾಗಕ್ಕೆ. ಮನೆ ಬೆಡ್‌ಶೀಟ್ ಕೂಡ ಸರಿಯಾಗಿ ಕೂರಲ್ಲ, ಹೋಗ್ಲಿ ಬಿಡಿ ಅದು ಸಣ್ಣ ವಿಷ್ಯ.

ಫ್ರೆಂಚ್ ಬೆಡ್ ಅಂತ ಒಂದಿದೆ. ಹಿಂದಿನ ಮೂಲೇಲಿ ಉದ್ದುದ್ದ, ಒಂದು ಪಕ್ಕ ಗೋಡೆಗೆ ಅಂಟ್ಕೊಂಡು, ಇನ್ನೊಂದು ಪಕ್ಕ ಬಾತ್‌ರೂಮು. ಬಾತ್‌ರೂಮಿಗೆ ಹೋಗೋ ದಾರಿ ಬೇಕಲ್ಲ, ಅದಕ್ಕೆ ಹಾಸಿಗೆಯ ಕಾಲ ಕಡೆ ಮೂಲೆ ಒಂದನ್ನ ಓರೆಯಾಗಿ ಕತ್ತರಿಸಿರ್ತಾರೆ. ಕತ್ತರಿಸಿರೋ ಕಡೆ ಎತ್ತರ ಇರೋರು ಮಲಗಿದ್ರೆ ಕಾಲು ಹೊರಗೆ. ಗೋಡೆ ಕಡೆ ಮಲಗಿದ್ರೆ ಮತ್ತೆ ದಾಟೋ ಕಥೆ, ಇಲ್ಲಾ ಅಂದ್ರೆ ಕಾಲ ಕಡೆಯಿಂದ ಜಾರ್ಕೊಂಡು ಇಳೀಬೇಕು. ಆದ್ರೆ ಗಾಡಿ ಉದ್ದ ಕಮ್ಮಿ ಆಗತ್ತೆ, ಅದೇ ಅದ್ರ ಲಾಭ, ಒಬ್ರು ಕುಳ್ಳಗಿದ್ದು ಇಬ್ರಿಗೂ ಒಳ್ಳೆ ನಿದ್ದೆ ಇದ್ರೆ ತುಂಬಾ ಚೆನ್ನಾಗಿ ನಡೆಯತ್ತೆ.

ಐಲ್ಯಾಂಡ್ ಬೆಡ್ ನೋಡಿದ್ರೆ ಎಲ್ರೂ ಮರುಳಾಗ್ತಾರೆ. ಹೋಟೆಲ್ ರೂಮಲ್ಲಿ ಇರೋ ಹಾಗೆ ನಡುವೆ ಹಾಸಿಗೆ, ಎರಡೂ ಕಡೆ ಇಳಿಯೋಕೆ ದಾರಿ. ಯಾರೂ ಯಾರನ್ನೂ ದಾಟ್ಬೇಕಾಗಿಲ್ಲ, ಬೆಡ್‌ಶೀಟ್ ಹಾಕೋದೂ ಸುಲಭ. ಅದಕ್ಕೆ ಬೆಲೆ ತೆರೋದು ಉದ್ದದಲ್ಲಿ, ಗಾಡಿ ಆರಾಮಾಗಿ 7 ಮೀಟರ್ ಆಗೋಗತ್ತೆ, ದಾಟೋದೂ ಉಂಟು. ಇನ್ನೊಂದು, ಆ ಎರಡು ಕಡೆ ದಾರಿ ಅಂತಾರಲ್ಲ, ಅದ್ರಲ್ಲಿ ಎಷ್ಟೋ ಗಾಡೀಲಿ ಒಂದು ಕಾಲಿಡೋಷ್ಟು ಜಾಗ ಅಷ್ಟೇ, ಪಕ್ಕಕ್ಕೆ ತಿರುಗಿ ಏಡಿ ಥರ ನಡೀಬೇಕು. ಕೆಲವು ಗಾಡೀಲಿ ಹಗಲು ಹಾಸಿಗೇನ ಹಿಂದಕ್ಕೆ ತಳ್ಳಿ ತಲೆ ಕಡೆ ಎತ್ತಿಟ್ರೆ ಮಾತ್ರ ದಾರಿ, ರಾತ್ರಿ ಎಳೆದ್ರೆ ದಾರಿ ಮುಚ್ಚೋಗತ್ತೆ, ಶೋರೂಮಲ್ಲಿ ಯಾವಾಗ್ಲೂ ಹಗಲಿನ ಪೊಸಿಷನ್ನಲ್ಲೇ ಇಟ್ಟಿರ್ತಾರೆ. "ಸ್ವಲ್ಪ ಎಳೆದು ತೋರ್ಸಿ" ಅಂತ ಕೇಳಿ, ನಾಚ್ಕೋಬೇಡಿ.

ನಮಗೆ ಒಪ್ಪಿದ್ದು ಎರಡು ಸಿಂಗಲ್ ಹಾಸಿಗೆ, ಆ ಗೋಡೆಗೊಂದು ಈ ಗೋಡೆಗೊಂದು, ನಡುವೆ ಮೆಟ್ಟಿಲು. ನೆಂಟರು ನೋಡಿ ನಕ್ರು, ಏನ್ರೀ ಗಂಡ ಹೆಂಡ್ತಿ ಬೇರೆ ಬೇರೆನಾ ಅಂತ. ನಗ್ಲಿ. ಅವರು ಎದ್ದಿದ್ದು ನನಗೆ ಗೊತ್ತೇ ಆಗಲ್ಲ. ನಡುವೆ ಒಂದು ಹಲಗೆ ಎಳೆದು ದಿಂಬು ತುಂಬಿದ್ರೆ ಇಡೀ ಅಗಲ ಒಂದೇ ಹಾಸಿಗೆ ಆಗತ್ತೆ, ಮಗಳು ಬಂದಾಗ ಹಾಗೆ ಮಾಡ್ತೀವಿ. ಹಾಸಿಗೆ ಕೆಳಗೆ ದೊಡ್ಡ ಗ್ಯಾರೇಜು, ಹೊರಗಿಂದ ಬಾಗಿಲು. ವ್ಯಾನಲ್ಲೇ ಇದು ಬೇಕು ಅಂದ್ರೆ 6.36 ಮೀಟರ್ ಉದ್ದದ ಡುಕಾಟೋ ಕಡೆ ನೋಡ್ಬೇಕು, 6 ಮೀಟರಿನದ್ರಲ್ಲಿ ಉದ್ದುದ್ದ ಮಲಗೋ ಜಾಗ ಮಾಡಿದ್ರೆ ಬೇರೆ ಏನಾದ್ರೂ ಕುಗ್ಗಲೇಬೇಕು.

ಈಗ ಸೀಲಿಂಗಿಂದ ಇಳಿಯೋ ಹಾಸಿಗೆ ವಿಷ್ಯ. ಬಟನ್ ಒತ್ತಿದ್ರೆ ಸರ್ರ್ ಅಂತ ಕೆಳಗೆ ಬರತ್ತೆ, ಹಗಲು ಮೇಲೆ ಮಾಯ, ಇಡೀ ಗಾಡಿ ಹಾಲ್ ಥರ. ಮೊದಲ ಸಲ ನೋಡಿದಾಗ ಇದಕ್ಕಿಂತ ಜಾಣತನ ಇಲ್ಲ ಅನ್ಸತ್ತೆ, ಇಬ್ರೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳೋರಾದ್ರೆ ಜಾಣತನಾನೇ. ಆದ್ರೆ ಒಬ್ರು ಒಂಬತ್ತಕ್ಕೆ ಆಕಳಿಸೋರು ಇನ್ನೊಬ್ರು ಹನ್ನೆರಡರ ತನಕ ಲ್ಯಾಪ್‌ಟಾಪ್ ಮುಂದೆ ಇರೋರು ಅಂತಿಟ್ಕೊಳ್ಳಿ, ಹಾಸಿಗೆ ಇಳಿದ ತಕ್ಷಣ ಸೋಫಾ ಹೋಯ್ತು, ಟೇಬಲ್ ಹೋಯ್ತು, ಕೆಲವು ಗಾಡೀಲಿ ಹೊರಗೆ ಹೋಗೋ ಬಾಗಿಲಿಗೂ ಬಗ್ಗಿಕೊಂಡೇ ಹೋಗ್ಬೇಕು, ಎಚ್ಚರ ಇರೋರು ಎಲ್ಲಿ ಕೂರೋದು? ಟಾಯ್ಲೆಟ್ಟಲ್ಲಿ. ಮುಂದುಗಡೆ ಡ್ರೈವರ್ ಸೀಟ್ ಮೇಲೆ ಇಳಿಯೋ ಹಾಸಿಗೆಗಳದ್ದು ಇನ್ನೊಂದು ಸಮಸ್ಯೆ, ಮಧ್ಯರಾತ್ರಿ ಯಾವ್ದೋ ಕಾರಣಕ್ಕೆ ಇಲ್ಲಿಂದ ಹೊರಡೋಣ ಅನ್ಸಿದ್ರೆ ಮೊದ್ಲು ಮಲಗಿರೋರನ್ನ ಎಬ್ಬಿಸಿ ಹಾಸಿಗೆ ಮೇಲಕ್ಕೆ ಕಳಿಸ್ಬೇಕು. ಊರ ಹೊರಗೆ ಒಬ್ಬೊಬ್ರೇ ಗಾಡಿ ನಿಲ್ಲಿಸೋರು ಇದನ್ನ ಯೋಚ್ನೆ ಮಾಡಿ.

ಡ್ರೈವರ್ ತಲೆ ಮೇಲೆ ಉಬ್ಬಿಕೊಂಡಿರತ್ತಲ್ಲ ಹಾಸಿಗೆ ಗೂಡು, ಮಕ್ಕಳಿಗೆ ಅದು ಅಂದ್ರೆ ಪ್ರಾಣ. ಏಣಿ ಹತ್ತಿ ಪರದೆ ಎಳ್ಕೊಂಡ್ರೆ ಅದು ಅವರ ರಾಜ್ಯ. ದೊಡ್ಡವರು ಅಲ್ಲಿ ಕೂತು ಪ್ಯಾಂಟ್ ಹಾಕ್ಕೊಳೋಕೆ ಒದ್ದಾಡ್ಬೇಕು. ಗಾಡಿ ಎತ್ತರ 3 ಮೀಟರ್ ದಾಟತ್ತೆ, ಎದುರು ಗಾಳಿಗೆ ಡೀಸೆಲ್ ಜಾಸ್ತಿ ಕುಡಿಯತ್ತೆ. ಚಳೀಲಿ ಮೂರು ಕಡೆ ಹೊರಗಿನ ಗೋಡೆ ಇರೋದ್ರಿಂದ ಉಸಿರಿನ ತೇವ ಅಲ್ಲೇ ಹನಿ ಕಟ್ಟಿ ಹಾಸಿಗೆ ತಳ ಒದ್ದೆ ಆಗತ್ತೆ, ಕೆಳಗೆ ಗಾಳಿ ಆಡೋ ಜಾಲರಿ ಹಾಕಿಲ್ಲ ಅಂದ್ರೆ ಬೂಸ್ಟು ಗ್ಯಾರಂಟಿ. ಒಂದರ ಮೇಲೊಂದು ಇರೋ ಬಂಕ್ ಬೆಡ್ ಆದ್ರೆ ಮಕ್ಕಳು ಬೆಳೆಯೋ ತನಕ ಅಷ್ಟೇ. ಬೆಳೆದ ಮೇಲೆ ಅದು ಕಪಾಟು. ಹಾಗಂತ ಬೇಡ ಅಂತಲ್ಲ, ಚಿಕ್ಕ ಮಕ್ಕಳಿದ್ದಾಗ ಸಂಜೆ ಏಳೂವರೆಗೆ ಅವರನ್ನ ಮಲಗಿಸಿ ಪರದೆ ಎಳೆದು ನೀವು ಇನ್ನೂ ಟೇಬಲ್ ಮುಂದೆ ಕೂರಬಹುದಲ್ಲ, ಆ ನೆಮ್ಮದಿಗೆ ಎಷ್ಟು ಕೊಟ್ರೂ ಕಮ್ಮಿ. ದಿನಾ ಟೇಬಲ್ ಮಡಿಸಿ ಅದನ್ನೇ ಮಕ್ಕಳ ಹಾಸಿಗೆ ಮಾಡೋ ಪ್ಲಾನಲ್ಲಿ ಅವರು ಮಲಗಿದ ಕೂಡ್ಲೇ ನಿಮ್ಮ ಸಂಜೇನೂ ಮುಗೀತು.

ಮಕ್ಕಳ ಮಾತು ಬಂತಲ್ಲ, ಬೆಲ್ಟ್ ಎಣಿಸಿ. ಮಲಗೋರ ಸಂಖ್ಯೆ ಬೇರೆ, ಬೆಲ್ಟ್ ಹಾಕ್ಕೊಂಡು ಕೂರೋರ ಸಂಖ್ಯೆ ಬೇರೆ. ನಾಲ್ಕು ಹಾಸಿಗೆ ಇದ್ದು ಎರಡೇ ಬೆಲ್ಟ್ ಇರೋ ಗಾಡಿಗಳು ಬೇಕಾದಷ್ಟಿವೆ. ಪಕ್ಕಕ್ಕೆ ಮುಖ ಮಾಡಿರೋ ಸೋಫಾ ಮೇಲೆ ಮಗೂನ ಕೂರಿಸ್ಕೊಂಡು ಹೋಗೋಣ ಬಿಡಿ ಅನ್ನೋರಿದ್ದಾರೆ, ದಯವಿಟ್ಟು ಬೇಡ, ಬ್ರೇಕ್ ಹಾಕಿದಾಗ ಮೈ ಪಕ್ಕಕ್ಕೆ ಎಸೆಯತ್ತೆ, ಬೆಲ್ಟ್ ಇದ್ರೂ ಕುತ್ತಿಗೆಗೆ ಸೊಂಟಕ್ಕೆ ಅಪಾಯ. ಮುಂದಕ್ಕೆ ಮುಖ ಮಾಡಿರೋ, ಮೂರು ಪಾಯಿಂಟ್ ಬೆಲ್ಟ್ ಇರೋ ಸೀಟು ಬೇಕು. ಆ ಸೀಟು ಕಾರ್ ಸೀಟಿನ ಥರ ಇದ್ಯಾ ಅಥವಾ ಹಲಗೆ ಮೇಲೆ ಸ್ಪಂಜ್ ಇಟ್ಟಿದ್ದಾರಾ ಅಂತ ಕೂತು ನೋಡಿ, ನಾಲ್ಕು ಗಂಟೆ ಅದ್ರ ಮೇಲೆ ಕೂರೋರು ನೀವಲ್ಲ.

ಸರಿ, ಬೆಳಗಾಯ್ತು, ಮಳೆ ಬರ್ತಿದೆ. ಮಳೆ ದಿನಾನೇ ನನ್ನ ಎರಡನೇ ಪರೀಕ್ಷೆ. ಬಿಸಿಲಿದ್ದಾಗ ಎಲ್ಲಾ ಪ್ಲಾನೂ ಚೆಂದ, ಯಾಕಂದ್ರೆ ಯಾರೂ ಒಳಗಿರಲ್ಲ. ಮಳೆ ಬಂದ್ರೆ ಇಬ್ರೂ ಒಳಗೆ, ಇಡೀ ದಿನ. ಆಗ ಕೇಳ್ಬೇಕಾದ್ದು ಒಂದೇ: ಇಬ್ರಿಗೂ ಕಾಲು ಚಾಚಿ, ಬೆನ್ನು ಒರಗಿಸಿ ಕೂರೋ ಜಾಗ ಇದ್ಯಾ? ಈಗಿನ ಗಾಡಿಗಳಲ್ಲಿ ಜಾಸ್ತಿ ಇರೋದು ಅರ್ಧ ಡೈನೆಟ್, ಅಂದ್ರೆ ಎರಡು ಜನರ ಒಂದು ಬೆಂಚು, ಮುಂದೆ ಟೇಬಲ್ಲು, ಎದುರಿಗೆ ಡ್ರೈವರ್ ಸೀಟು ಪಕ್ಕದ ಸೀಟು ಎರಡನ್ನೂ ಹಿಂದಕ್ಕೆ ತಿರುಗಿಸ್ಕೊಳೋದು. ಜಾಗ ಉಳಿಸೋಕೆ ಒಳ್ಳೆ ಉಪಾಯ. ಆದ್ರೆ ಬೆಂಚಿನ ಬೆನ್ನು ನೆಟ್ಟಗೆ ಗೋಡೆ ಥರ ಇರತ್ತೆ, ಅದ್ರಲ್ಲೇ ಬೆಲ್ಟ್ ಫ್ರೇಮ್ ಇರೋದ್ರಿಂದ ಒರಗಿಸೋಕೆ ಆಗಲ್ಲ. ತಿರುಗಿಸಿದ ಸೀಟು ಕೆಲವು ಗಾಡೀಲಿ ಎತ್ತರ ಆಗಿ ಕಾಲು ನೇತಾಡ್ತಿರತ್ತೆ. ಚಳಿಗಾಲದಲ್ಲಿ ಇನ್ನೊಂದು, ಗಾಡೀಲೆಲ್ಲ ಅತಿ ತಣ್ಣಗಿರೋ ಜಾಗ ಅಂದ್ರೆ ಡ್ರೈವರ್ ಕ್ಯಾಬಿನ್ನು, ಅಲ್ಲಿರೋದು ಬರೀ ಒಂದು ಪದರದ ಗಾಜು. ಅಲ್ಲೇ ನಿಮ್ಮ ಸಂಜೆ ಸೋಫಾ. ಗಾಜಿಗೆ ಹೊರಗಿಂದ ದಪ್ಪ ಹೊದಿಕೆ ಹಾಕಿದ್ರೆ ಸುಧಾರಿಸತ್ತೆ, ಆದ್ರೆ ಆಗ ಹೊರಗಿನ ನೋಟ ಇಲ್ಲ.

ಇದಕ್ಕೆ ಪೂರ್ತಿ ವಿರುದ್ಧ ಹಿಂದುಗಡೆ ಲೌಂಜ್ ಇರೋ ಪ್ಲಾನು. ಗಾಡಿ ಹಿಂಭಾಗ ಇಡೀ ಯು ಆಕಾರದ ಸೋಫಾ, ಮೂರು ಕಡೆ ದೊಡ್ಡ ಕಿಟಕಿ. ಕೆರೆ ಕಡೆಗೋ ಕಾಡಿನ ಕಡೆಗೋ ಹಿಂಭಾಗ ತಿರುಗಿಸಿ ನಿಲ್ಲಿಸಿದ್ರೆ ಆಹಾ, ಅದಕ್ಕೆ ಸಾಟಿ ಇಲ್ಲ, ನಾನು ಒಪ್ಕೋತೀನಿ. ದಿನಾ ರಾತ್ರಿ ದಿಂಬುಗಳನ್ನ ಜೋಡಿಸಿ ಹಾಸಿಗೆ ಮಾಡ್ಬೇಕು, ಬೆಳಗ್ಗೆ ಬಿಚ್ಚಿ ಹೊದಿಕೆ ಎಲ್ಲಾದ್ರೂ ತುರುಕ್ಬೇಕು. ಎರಡು ದಿನಕ್ಕೆ ಪರ್ವಾಗಿಲ್ಲ. ವಾರಗಟ್ಲೆ ಇರೋರು ಎರಡು ಥರ ಆಗ್ತಾರೆ, ಕೆಲವರು ಅದನ್ನೇ ದಿನಚರಿ ಮಾಡ್ಕೊಂಡು ಖುಷಿಯಾಗಿರ್ತಾರೆ, ಕೆಲವರು ಮೂರನೇ ದಿನ ಹಾಸಿಗೆ ಹಾಗೇ ಬಿಟ್ಟು ಲೌಂಜನ್ನೇ ಮರೆತುಬಿಡ್ತಾರೆ. ನೀವು ಯಾವ ಪೈಕಿ ಅಂತ ನಿಮ್ಮ ಮನೇಲಿ ಬೆಳಗ್ಗೆ ಹಾಸಿಗೆ ಮಡಿಸಿರತ್ತಾ ಇಲ್ವಾ ನೋಡಿದ್ರೆ ಗೊತ್ತಾಗತ್ತೆ.

ಗಾಡೀಲೇ ಕೂತು ಕೆಲಸ ಮಾಡೋರಿಗೆ ಎರಡು ಕಡೆ ಕೂರೋ ಜಾಗ ಬೇಕೇ ಬೇಕು, ನಡುವೆ ಎಳೆಯೋ ಬಾಗಿಲು ಇದ್ರೆ ಇನ್ನೂ ಒಳ್ಳೇದು. ಒಬ್ರು ವಿಡಿಯೋ ಕಾಲಲ್ಲಿ ಇರೋವಾಗ ಇನ್ನೊಬ್ರು ಪಾತ್ರೆ ತೊಳೆಯೋಕೂ ಹೆದರ್ಕೊಂಡು ಕೂರೋದು ಕಷ್ಟ.

ಅಡುಗೆಮನೆ. ಬ್ರೋಶರ್ ಫೋಟೋದಲ್ಲಿ ಸ್ಟವ್ ಮೇಲೆ ಗಾಜಿನ ಮುಚ್ಚಳ, ಸಿಂಕ್ ಮೇಲೆ ಗಾಜಿನ ಮುಚ್ಚಳ, ಅದ್ರ ಮೇಲೆ ಹೂವಿನ ಕುಂಡ. ಎರಡೂ ಮುಚ್ಚಳ ತೆಗೆದ್ರೆ ಸೊಪ್ಪು ಹೆಚ್ಚೋಕೆ ಒಂದು ತಟ್ಟೆ ಇಡೋಷ್ಟು ಜಾಗ ಇರಲ್ಲ. ಶೋರೂಮಲ್ಲಿ ನಾನು ಮಾಡೋದು ಇಷ್ಟೇ, ಮುಚ್ಚಳ ತೆಗೆದು, ಸುಮ್ನೆ ಅಡುಗೆ ಮಾಡೋ ಥರ ಕೈ ಆಡಿಸ್ತೀನಿ: ಫ್ರಿಜ್ ತೆಗ್ದೆ, ತರಕಾರಿ ಎಲ್ಲಿಟ್ಟೆ, ತೊಳ್ದೆ, ಹೆಚ್ದೆ, ಬಿಸಿ ಬಾಣಲೆ ಇಳಿಸಿ ಎಲ್ಲಿಡ್ಲಿ. ಬಿಸಿ ಬಾಣಲೆ ಇಡೋಕೆ ಜಾಗ ಇಲ್ಲದ ಅಡುಗೆಮನೇಲಿ ಒಂದು ದಿನ ಯಾರ್ದಾದ್ರೂ ಕೈ ಸುಡತ್ತೆ. ಆಮೇಲೆ ನಮ್ಮನೆಯವರಿಗೆ ಹೇಳ್ತೀನಿ, ನೀವೀಗ ಬಾತ್‌ರೂಮಿಗೆ ಹೋಗಿ ಅಂತ. ಅವರು ನನ್ನ ಬೆನ್ನಿಗೆ ಬೆನ್ನು ಉಜ್ಕೊಂಡು ಹೋದ್ರೆ ಸರಿ, ನಾನು ಒಲೆ ಬಿಟ್ಟು ಸರೀಬೇಕು ಅಂದ್ರೆ ಆ ಪ್ಲಾನು ಬೇಡ. ಸೇಲ್ಸ್‌ನವರು ನಮ್ಮನ್ನ ಒಂಥರಾ ನೋಡ್ತಾರೆ, ನೋಡ್ಲಿ.

ಫ್ರಿಜ್ ಎಲ್ಲಿದೆ ಅನ್ನೋದು ಮಲಗೋ ವಿಷಯಕ್ಕೂ ಸೇರಿದ್ದು. ಗ್ಯಾಸಲ್ಲಿ ನಡೆಯೋ ಅಬ್ಸಾರ್ಪ್ಷನ್ ಫ್ರಿಜ್ಜು ಸದ್ದು ಮಾಡಲ್ಲ, ಆದ್ರೆ ಗಾಡಿ ಹೆಚ್ಚು ಕಮ್ಮಿ ಸಮತಟ್ಟಾಗಿ ನಿಂತಿರ್ಬೇಕು, ಇಲ್ಲಾಂದ್ರೆ ತಣ್ಣಗಾಗೋದೇ ಕಷ್ಟ. ಕಂಪ್ರೆಸರ್ ಫ್ರಿಜ್ಜಿಗೆ ಆ ಚಿಂತೆ ಇಲ್ಲ, ಬಿಸಿಲಲ್ಲೂ ಚೆನ್ನಾಗಿ ನಡೆಯತ್ತೆ, ಆದ್ರೆ ಆಗಾಗ ಗುರ್ ಅನ್ನತ್ತೆ, ಬ್ಯಾಟರೀನೂ ತಿನ್ನತ್ತೆ. ಅದು ನಿಮ್ಮ ತಲೆದಿಂಬಿನ ಪಕ್ಕ ಇದ್ರೆ ರಾತ್ರಿಯೆಲ್ಲಾ ಜೊತೆಗಾರ. ಹೀಟರ್ ಫ್ಯಾನ್ ಎಲ್ಲಿದೆ, ನೀರಿನ ಪಂಪ್ ಎಲ್ಲಿದೆ ಅಂತಾನೂ ಕೇಳಿ, ನಡುರಾತ್ರಿ ನಲ್ಲಿ ತೆಗೆದ್ರೆ ಹಾಸಿಗೆ ಕೆಳಗೇ ಪಂಪ್ ಕಿರುಚೋ ಗಾಡಿಗಳಿವೆ.

ಬಾತ್‌ರೂಮ್ ಬಗ್ಗೆ ಜಾಸ್ತಿ ಹೇಳಲ್ಲ. ಟಾಯ್ಲೆಟ್ಟು ಶವರ್ರು ಒಂದೇ ಗೂಡಲ್ಲಿದ್ರೆ ಜಾಗ ಉಳಿಯತ್ತೆ, ಸ್ನಾನ ಆದ್ಮೇಲೆ ನೆಲ ಒರೆಸ್ಲೇಬೇಕು, ಪರದೆ ಕಾಲಿಗೆ ಅಂಟ್ಕೊಳತ್ತೆ, ಅಷ್ಟೇ. ಕ್ಯಾಂಪ್‌ಸೈಟಲ್ಲೇ ಇಳಿಯೋರು, ಅಲ್ಲಿಯ ಸ್ನಾನಗೃಹಾನೇ ಬಳಸೋರು, ಇದಕ್ಕೆ ತಲೆ ಕೆಡಿಸ್ಕೋಬೇಕಾಗಿಲ್ಲ. ಎಲ್ಲೆಂದ್ರಲ್ಲಿ ನಿಲ್ಲಿಸೋರಿಗೆ ಬೇರೆ ಶವರ್ ಇದ್ರೆ ಅದೇ ಒದ್ದೆ ಬಟ್ಟೆ ಒಣಗಿಸೋ ಜಾಗಾನೂ ಆಗತ್ತೆ, ಒಳಗೆ ಹೀಟರಿನ ಗಾಳಿ ಬರೋ ತೂತು ಇದ್ಯಾ ಅಂತ ಮಾತ್ರ ನೋಡಿ. ಬಾಗಿಲು ಹಾಕ್ಕೊಂಡು ಟಾಯ್ಲೆಟ್ ಮೇಲೆ ಕೂತು ಮೊಣಕೈ ಆಡತ್ತಾ ನೋಡೋದು ಎಲ್ರಿಗೂ ಕಡ್ಡಾಯ. ಕ್ಯಾಸೆಟ್ ಟಾಯ್ಲೆಟ್, ಅಂದ್ರೆ ಕೆಳಗಿನ ಡಬ್ಬ ಎಳೆದು ಖಾಲಿ ಮಾಡೋ ಥರದ್ದು ಆದ್ರೆ, ಆ ಡಬ್ಬ ಸುಮಾರು 17ರಿಂದ 20 ಲೀಟರ್, ಇಬ್ರಿಗೆ ಎರಡು ಮೂರು ದಿನ. ಅದನ್ನ ಹೊರಗಿಂದ ಎಳೆಯೋ ಬಾಗಿಲು ಯಾವ ಕಡೆ ಇದೆ ಅಂತ ನೋಡಿ, ಕುರ್ಚಿ ಹಾಕ್ಕೊಂಡು ಕೂರೋ ಕಡೇನೇ ಇದ್ರೆ ಚೆನ್ನಾಗಿರಲ್ಲ.

ಬಾಗಿಲು ಅಂದಾಗ ನೆನಪಾಯ್ತು, ಮನೆ ಬಾಗಿಲು ಯಾವ ಕಡೆ ಅನ್ನೋದು ಪ್ಲಾನಿನ ದೊಡ್ಡ ಭಾಗ. ಯುರೋಪಿನ ಗಾಡಿಗಳಿಗೆ ಬಾಗಿಲು ಬಲಗಡೆ, ಅಲ್ಲಿ ಬಲಗಡೆ ಓಡಿಸೋದ್ರಿಂದ ಇಳಿದ್ರೆ ಫುಟ್‌ಪಾತು. ಅದೇ ಗಾಡೀನ ಎಡಗಡೆ ಓಡಿಸೋ ಬ್ರಿಟನ್‌ನಂಥ ದೇಶಕ್ಕೆ ತಂದ್ರೆ, ಸ್ಟೀರಿಂಗ್ ಬದಲಾಯಿಸಿದ್ರೂ ಬಾಗಿಲು ಅಲ್ಲೇ, ಇಳಿದ್ರೆ ರಸ್ತೆ ಮಧ್ಯ. ಕ್ಯಾಂಪಲ್ಲೇ ಇರೋರಿಗೆ ಏನೂ ಅಲ್ಲ. ರಸ್ತೆ ಪಕ್ಕ ನಿಲ್ಲಿಸಿ ಮಕ್ಕಳನ್ನ ಇಳಿಸೋರಿಗೆ ದೊಡ್ಡ ವಿಷ್ಯ.

ಅಮೆರಿಕದ ಗಾಡಿಗಳಲ್ಲಿ ಸ್ಲೈಡ್ ಔಟ್ ಇರತ್ತೆ, ಗೋಡೆಯ ಒಂದು ತುಂಡೇ ಹೊರಗೆ ಜಾರಿ ಒಳಗೆ ಹಾಲ್ ಅಗಲ ಆಗತ್ತೆ. ಅದನ್ನ ತೆರೆದಿಟ್ಟು ನೋಡಿ ಮೆಚ್ಕೊಳೋದು ಎಲ್ರೂ ಮಾಡ್ತಾರೆ. ಮುಚ್ಚಿಸಿ ನೋಡಿ. ಮುಚ್ಚಿದಾಗ ಟಾಯ್ಲೆಟ್‌ಗೆ ಹೋಗೋಕೆ ದಾರಿ ಇದ್ಯಾ, ಫ್ರಿಜ್ ಬಾಗಿಲು ಪೂರ್ತಿ ತೆರೆಯತ್ತಾ, ಹಾಸಿಗೆ ತಲುಪಬಹುದಾ. ದಾರಿ ಮಧ್ಯ ಪಾರ್ಕಿಂಗಲ್ಲಿ ಊಟಕ್ಕೆ ನಿಲ್ಲಿಸಿದಾಗ ಪಕ್ಕದಲ್ಲಿ ಲಾರಿ ಇದ್ರೆ ಸ್ಲೈಡ್ ತೆರೆಯೋಕಾಗಲ್ಲ. ಒಂದೇ ಕಡೆ ತಿಂಗಳುಗಟ್ಲೆ ಇರೋರಿಗೆ ಸ್ಲೈಡ್ ಔಟ್ ವರ, ದಿನಾ ಜಾಗ ಬದಲಾಯಿಸೋರಿಗೆ ಮೋಟರ್ರು, ರಬ್ಬರ್ ಸೀಲು, ತೂಕ ಅಂತ ನೋಡ್ಕೋಬೇಕಾದ ಇನ್ನೊಂದಿಷ್ಟು.

ತೂಕ. ಇದನ್ನ ಯಾರೂ ಪ್ಲಾನ್ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಆದ್ರೆ ಪ್ಲಾನೇ ತೂಕ ನಿರ್ಧಾರ ಮಾಡೋದು. ಯುರೋಪಲ್ಲಿ ಮಾಮೂಲಿ ಕಾರ್ ಲೈಸೆನ್ಸಿಗೆ 3500 ಕೆಜಿ ಮಿತಿ ಅಂತ ಬಹಳ ವರ್ಷದಿಂದ ಇರೋದ್ರಿಂದ ಗಾಡಿಗಳನ್ನ ಅದರೊಳಗೇ ಹಿಡಿಸೋಕೆ ನೋಡ್ತಾರೆ. 7 ಮೀಟರಿನ ಐಲ್ಯಾಂಡ್ ಬೆಡ್ ಗಾಡಿ ನಿಮ್ಮ ಸಾಮಾನು ಏರೋ ಮುಂಚೇನೇ 3000 ಕೆಜಿ ಆಸುಪಾಸು ಇರೋದು ಮಾಮೂಲು. ಉಳಿದದ್ರಲ್ಲಿ ಪಕ್ಕದಲ್ಲಿ ಕೂರೋರು, ಬಟ್ಟೆ, ಪಾತ್ರೆ, ಹೊರಗಿನ ಚಪ್ಪರ, ಸೋಲಾರ್ ಪ್ಯಾನೆಲ್, ಎರಡನೇ ಬ್ಯಾಟರಿ, ಒಂದೊಂದೂ 25 ಕೆಜಿ ತೂಗೋ ಇ-ಬೈಕು ಎರಡು. ನೀರು ಲೀಟರಿಗೆ ಒಂದು ಕೆಜಿ, ಟ್ಯಾಂಕ್ 100 ಲೀಟರಿನದ್ದಾದ್ರೆ ತುಂಬಿದಾಗ 100 ಕೆಜಿ, ಎಷ್ಟೋ ಕಂಪ್ನಿಗಳು ಗಾಡಿ ತೂಕ ಹೇಳೋವಾಗ ಟ್ಯಾಂಕಲ್ಲಿ ಬರೀ 20 ಲೀಟರ್ ಇದೆ ಅಂತ ಲೆಕ್ಕ ಹಿಡಿದಿರ್ತಾರೆ. ಅಮೆರಿಕದಲ್ಲಾದ್ರೆ ಬಾಗಿಲ ಹತ್ರ ಹಳದಿ ಸ್ಟಿಕ್ಕರ್ ಇರತ್ತೆ, ಜನ ಮತ್ತು ಸಾಮಾನು ಸೇರಿ ಎಷ್ಟು ಏರಿಸಬಹುದು ಅಂತ, ಹಾಸಿಗೆ ಎಣಿಸೋ ಮುಂಚೆ ಅದನ್ನ ಓದಿ.

ಆಮೇಲೆ ಆ ದೊಡ್ಡ ಹಿಂದಿನ ಗ್ಯಾರೇಜು, ನಮ್ದೂ ಅದೇ ಥರದ್ದು, ಅದಕ್ಕೆ ಹೇಳ್ತಿದೀನಿ. ಹಿಂದಿನ ಚಕ್ರಕ್ಕಿಂತ ಆಚೆ ಇಟ್ಟ ತೂಕ ಸನ್ನೆಗೋಲಿನ ಲೆಕ್ಕದಲ್ಲಿ ಬೀಳತ್ತೆ. ಮುಂದಿನ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನಡುವೆ 4 ಮೀಟರ್ ಇದ್ದು, ನೀವು ಹಿಂದಿನ ಆಕ್ಸಲ್ಲಿಂದ ಒಂದೂವರೆ ಮೀಟರ್ ಆಚೆ 100 ಕೆಜಿ ಇಟ್ರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು 137.5 ಕೆಜಿ, ಮುಂದಿನ ಆಕ್ಸಲ್ಲಿಂದ 37.5 ಕೆಜಿ ಎತ್ತಿದ ಹಾಗೆ. ಡುಕಾಟೋ ಥರದ ಮುಂದಿನ ಚಕ್ರ ಎಳೆಯೋ ಗಾಡಿಗಳಲ್ಲಿ ಮುಂದೆ ಹಗುರ ಆದ್ರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಸುಮ್ನೆ ಅಲ್ಲೇ ಸುತ್ತತ್ತೆ, ಕ್ಯಾಂಪಲ್ಲಿ ಬೆಳಗ್ಗೆ ಎಲ್ರೂ ಸೇರಿ ತಳ್ತಿರೋ ಗಾಡಿ ನೋಡಿದ್ರೆ ಹಿಂದುಗಡೆ ಬೈಕ್ ಇರತ್ತೆ ಒಂದು ಸಲ ಗಮನಿಸಿ. ಹಿಂದಿನ ಭಾಗ ಉದ್ದ ಇದ್ರೆ ತಿರುವಲ್ಲಿ ಬಾಲ ಆಚೆಗೆ ಬೀಸೋದೂ ಜಾಸ್ತಿ, ಕಂಬದ ಪಕ್ಕದಿಂದ ಹೊರಡೋವಾಗ ಮೊದ್ಲು ನೇರವಾಗಿ ಸ್ವಲ್ಪ ಮುಂದೆ ಹೋಗಿ ಆಮೇಲೆ ತಿರುಗಿಸ್ಬೇಕು.

ನಾಯಿ ಇರೋರು ರಾತ್ರಿ ಅದು ಮಲಗೋ ಜಾಗಾನ ಪ್ಲಾನ್ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅದು ಬಾತ್‌ರೂಮ್ ಬಾಗಿಲ ಮುಂದೇನೇ ಬರತ್ತೆ.

ಇಷ್ಟೆಲ್ಲ ಶೋರೂಮಲ್ಲಿ ಅರ್ಧ ಗಂಟೇಲಿ ನೋಡೋಕಾಗಲ್ಲ. ಮನೇಲಿ ಖಾಲಿ ನೆಲ ಇದ್ರೆ ಪೇಂಟಿಂಗ್ ಟೇಪ್ ತಗೊಂಡು ಗಾಡಿ ಒಳಗಿನ ಅಳತೆಗೆ ಸರಿಯಾಗಿ ಗೆರೆ ಹಾಕಿ, ಹಾಸಿಗೆ, ಬೆಂಚು, ಒಲೆ, ಬಾತ್‌ರೂಮ್ ಬಾಗಿಲು ತೆರೆಯೋ ಕಡೆ ಸಮೇತ, ಒಂದು ಸಂಜೆ ಇಬ್ರೂ ಆ ಗೆರೆ ಒಳಗೇ ಓಡಾಡಿ. ಬಾಗಿಲುಗಳನ್ನ ಮರೀಬೇಡಿ, ಫ್ರಿಜ್ ಬಾಗಿಲು, ವಾರ್ಡ್‌ರೋಬ್ ಬಾಗಿಲು, ಒಂದು ತೆರೆದಾಗ ಇನ್ನೊಂದು ತೆರೆಯಲ್ಲ ಅನ್ನೋದು ಟೇಪಲ್ಲಿ ತಕ್ಷಣ ಗೊತ್ತಾಗತ್ತೆ. ಆಮೇಲೆ ಅದೇ ಲೇಔಟಿನ ಗಾಡಿ ಬಾಡಿಗೆಗೆ ತಗೊಳ್ಳಿ. ಕಂಪ್ನಿ ಬೇರೆ ಆದ್ರೂ ಪರ್ವಾಗಿಲ್ಲ, ಸೀಟಿನ ಬಣ್ಣ ಬೇರೆ ಆದ್ರೂ ಪರ್ವಾಗಿಲ್ಲ, ಹಾಸಿಗೆ ಬಾತ್‌ರೂಮು ಅಡುಗೆಮನೆ ಇರೋ ಜಾಗ ಅದೇ ಇರ್ಲಿ. ಹವಾಮಾನ ನೋಡಿ ಬುಕ್ ಮಾಡಿ, ಅಂದ್ರೆ ಮಳೆ ಬರೋ ವಾರ ಹುಡುಕಿ. ಆಫ್ ಸೀಸನ್ ಆದ್ರೆ ಬಾಡಿಗೇನೂ ಕಮ್ಮಿ ಇರತ್ತೆ.